ಹೊಸ ಟ್ರಾವೆಲ್ ಟ್ರೈಲರ್ ಕೊಳ್ಳಬಹುದೇ? ಅಮೆರಿಕದಲ್ಲಿರುವ ಕನ್ನಡಿಗರ ಅನುಭವ ಹಂಚಿಕೆ

ಪ್ರಶ್ನೆ (ಓಹಾಯೊ)

ನಮ್ಮದು ನಾಲ್ವರ ಕುಟುಂಬ. ಬರುವ ಬೇಸಿಗೆಯಲ್ಲಿ ಮೈಸೂರಿನಿಂದ ಅತ್ತೆ-ಮಾವ ಬರುವವರಿದ್ದು, ಅವರನ್ನೂ ಕರೆದುಕೊಂಡು ರಾಷ್ಟ್ರೀಯ ಉದ್ಯಾನಗಳನ್ನು ಸುತ್ತುವುದಕ್ಕಾಗಿ ನಮ್ಮ ಪಿಕಪ್‌ಗೆ ಜೋಡಿಸಿ ಎಳೆದೊಯ್ಯಬಹುದಾದ, ಬಂಕ್ ಹಾಸಿಗೆಗಳಿರುವ ಟ್ರಾವೆಲ್ ಟ್ರೈಲರ್ (ಚಕ್ರಗಳ ಮೇಲಿನ ಮನೆ) ಒಂದನ್ನು ಕೊಳ್ಳಬೇಕೆಂದಿದ್ದೇವೆ. ಡೀಲರ್ ಅಂಗಳದಲ್ಲಿ ಎಲ್ಲವೂ ಥಳಥಳಿಸುತ್ತದೆ. ಆದರೆ ಕೊಂಡವರಲ್ಲಿ ಹಲವರು ಮೊದಲ ಮಳೆಗೇ ಸೋರಿತೆಂದು ಹೇಳುತ್ತಾರೆ. ಗುಣಮಟ್ಟ ನಿಜವಾಗಿಯೂ ಕುಸಿದಿದೆಯೇ? ಹೊಸದನ್ನು ಕೊಳ್ಳಬೇಕೋ, ಬಳಸಿದ್ದನ್ನೋ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ (ಮಿಶಿಗನ್)

ವಾಹನೋದ್ಯಮದಲ್ಲಿ ಗುಣಮಟ್ಟ ಪರೀಕ್ಷೆಯೇ ನನ್ನ ಕೆಲಸವಾದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ವಿವರವಾಗಿ ಉತ್ತರಿಸುತ್ತೇನೆ. ಉತ್ತರ ಅಮೆರಿಕದ ಆರ್‌ವಿಗಳಲ್ಲಿ (ಎಳೆದೊಯ್ಯುವ ಟ್ರೈಲರ್, ಸ್ವಂತ ಎಂಜಿನ್ನಿನ ಮೋಟಾರ್‌ಹೋಮ್ ಮುಂತಾದ ವಾಸದ ಗಾಡಿಗಳಲ್ಲಿ) ಸುಮಾರು ಶೇ. 80ರಷ್ಟು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಮತ್ತು ಅದರ ಆಸುಪಾಸಿನಲ್ಲಿ. ಅಲ್ಲಿನ ಕಾರ್ಖಾನೆಗಳನ್ನು ಕಾರಿನ ಕಾರ್ಖಾನೆಗಳಂತೆ ಕಲ್ಪಿಸಿಕೊಳ್ಳಬೇಡಿ. ಅಲ್ಲಿ ಹೆಚ್ಚಿನ ಕೆಲಸವನ್ನು ಸ್ಟೇಪಲ್ ಗನ್ ಮತ್ತು ಸ್ಕ್ರೂ ಗನ್ ಹಿಡಿದ ಮನುಷ್ಯರೇ ಮಾಡುತ್ತಾರೆ. ಮರದ ಪಟ್ಟಿ, ತೆಳು ಪ್ಲೈವುಡ್, ಫೋಮ್ ಮತ್ತು ಅಂಟಿನಿಂದ ಚಕ್ರಗಳ ಮೇಲೊಂದು ಮನೆ ಎದ್ದು ನಿಲ್ಲುತ್ತದೆ. ಕೂಲಿ ಬಹುಮಟ್ಟಿಗೆ ಪೀಸ್ ರೇಟ್ ಲೆಕ್ಕದ್ದು: ನಸುಕಿನಲ್ಲಿ ಕೆಲಸಕ್ಕೆ ಇಳಿದ ತಂಡವು ಆ ದಿನಕ್ಕೆ ಗೊತ್ತುಮಾಡಿದಷ್ಟು ಗಾಡಿಗಳನ್ನು ಮುಗಿಸಿದೊಡನೆ ಮನೆಗೆ ಹೋಗಬಹುದು. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರಿಗೂ ಸಾವಿರದ ಲೆಕ್ಕದಲ್ಲೇ ಮಜೂರಿ. ಆದರೆ ಅಲ್ಲಿ ಕಟ್ಟನ್ನು ನೋಡಿ ಸರಿಯಿಲ್ಲದ್ದನ್ನು ತಳ್ಳಿಹಾಕಲು ಒಬ್ಬರು ಕುಳಿತಿರುತ್ತಾರೆ. ಇಲ್ಲಿ ಆ ಕೆಲಸ ಅನೇಕ ವೇಳೆ ಕೊಂಡವರ ಪಾಲಿಗೇ ಬರುತ್ತದೆ.

ಕೆಲಸಗಾರರಿಗೆ ಕೈಚಳಕವಿಲ್ಲವೆಂದು ಭಾವಿಸಬಾರದು. ಅವರಲ್ಲಿ ಆಮಿಷ್ ಎಂಬ ಸಾಂಪ್ರದಾಯಿಕ ಕ್ರೈಸ್ತ ಸಮುದಾಯದವರು ಗಣನೀಯ ಸಂಖ್ಯೆಯಲ್ಲಿದ್ದಾರೆ, ಮರಗೆಲಸದಲ್ಲಿ ಅವರು ಪಳಗಿದವರು. ದೋಷವಿರುವುದು ವೇಗದಲ್ಲಿ. 2006ರಲ್ಲಿ ಸುಮಾರು 3.9 ಲಕ್ಷವಿದ್ದ, ಕಾರ್ಖಾನೆಗಳಿಂದ ಡೀಲರ್‌ಗಳಿಗೆ ಹೋಗುವ ಗಾಡಿಗಳ ವಾರ್ಷಿಕ ರವಾನೆ ಆರ್ಥಿಕ ಹಿಂಜರಿತದಿಂದಾಗಿ 2009ರಲ್ಲಿ 1.66 ಲಕ್ಷಕ್ಕೆ ಇಳಿದು, ಹಲವು ತಯಾರಕರು ಮುಳುಗಿದರು. ಅದಕ್ಕೂ ಮೊದಲೇ ಆರಂಭವಾಗಿದ್ದ ಕಂಪನಿಗಳ ವಿಲೀನ ಆಮೇಲೂ ಮುಂದುವರಿದು, ಇಂದು ನೀವು ಅಂಗಳದಲ್ಲಿ ಕಾಣುವ ಹತ್ತಾರು ಹೆಸರುಗಳಲ್ಲಿ ಬಹುಪಾಲು ಥಾರ್, ಫಾರೆಸ್ಟ್ ರಿವರ್ ಮತ್ತು ವಿನ್ನೆಬೇಗೊ ಎಂಬ ಮೂರು ಸಮೂಹಗಳಿಗೆ ಸೇರಿವೆ. ಅನಂತರ ಕೋವಿಡ್ ಬಂತು. ವಿಮಾನ, ಹೋಟೆಲುಗಳನ್ನು ಬಿಟ್ಟ ಜನ ಟ್ರೈಲರ್‌ಗಳಿಗೆ ಮುಗಿಬಿದ್ದುದರಿಂದ 2021ರಲ್ಲಿ ರವಾನೆ 6 ಲಕ್ಷವನ್ನು ದಾಟಿತು, 2023ರಲ್ಲಿ ಮತ್ತೆ 3.13 ಲಕ್ಷಕ್ಕೆ ಕುಸಿಯಿತು. ಬಿಡಿಭಾಗಗಳು ಸಮಯಕ್ಕೆ ದೊರೆಯದ, ಹೊಸ ಕೆಲಸಗಾರರನ್ನು ಅವಸರದಲ್ಲಿ ಸೇರಿಸಿಕೊಂಡ ಕೋವಿಡ್ ಬೇಡಿಕೆಯ ಕಾಲದ ಗಾಡಿಗಳನ್ನು, ನನ್ನ ಅಭಿಪ್ರಾಯದಲ್ಲಿ, ಇಮ್ಮಡಿ ಎಚ್ಚರದಿಂದ ನೋಡಬೇಕು.

ಬಾಗಿಲ ಬಳಿ ಅಂಟಿಸಿರುವ ಆರ್‌ವಿಐಎ (ಆರ್‌ವಿ ಉದ್ಯಮದ ಸಂಘ) ಮುದ್ರೆಯನ್ನು ತೋರಿಸಿ ಮಾರಾಟಗಾರರು ಗುಣಮಟ್ಟದ ಮಾತನಾಡುವುದುಂಟು. ಆ ಮುದ್ರೆ ವಿದ್ಯುತ್, ನೀರಿನ ಕೊಳವೆ, ಗ್ಯಾಸ್ ಮತ್ತು ಅಗ್ನಿಸುರಕ್ಷತೆಯ ಸಂಹಿತೆಗಳಿಗೆ ಸಂಬಂಧಿಸಿದ್ದು. ಕಪಾಟಿನ ಸ್ಕ್ರೂ ಮರಕ್ಕೆ ಕಚ್ಚಿದೆಯೇ, ಚಾವಣಿಯ ಸಂದು ಮುಚ್ಚಿದೆಯೇ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಉತ್ತರ (ಟೆಕ್ಸಾಸ್)

ನಾವು ಹೊಸದನ್ನೇ ಕೊಂಡೆವು. ಮೊದಲ ಮಳೆಗಾಲದಲ್ಲೇ ಮುಂಭಾಗದ ಮೂಲೆಯ ಗೋಡೆ ಉಬ್ಬಿತು; ಹೊರಗಿನ ಫೈಬರ್‌ಗ್ಲಾಸ್ ಹಾಳೆ ಒಳಗಿನ ಪ್ಲೈವುಡ್‌ನಿಂದ ಬಿಟ್ಟುಕೊಂಡಿತ್ತು. ಕಾರಣ ಹುಡುಕಿದಾಗ ತಿಳಿದದ್ದು, ಅಂಚಿನ ಪಟ್ಟಿಯ ಕೆಳಗೆ ನೀರು ತಡೆಯುವ ಬ್ಯುಟೈಲ್ ಟೇಪ್ ಒಂದು ಗೇಣಿನಷ್ಟು ಉದ್ದಕ್ಕೆ ಇರಲೇ ಇಲ್ಲ. ಡೀಲರ್ ಗಾಡಿಯನ್ನು ತೆಗೆದುಕೊಂಡು, ತಯಾರಕರ ಒಪ್ಪಿಗೆ ಬರಬೇಕು, ಬಿಡಿಭಾಗ ಬರಬೇಕು ಎನ್ನುತ್ತಾ ಬೇಸಿಗೆಯನ್ನು ಕಳೆದರು; ಸಾಲದ ಕಂತು ಮಾತ್ರ ತಪ್ಪದೆ ಕಡಿತವಾಗುತ್ತಿತ್ತು.

ಆದ್ದರಿಂದ ಸಹಿ ಹಾಕುವ ಮುನ್ನ ವಾರಂಟಿ ಪತ್ರವನ್ನು ಕೊನೆಯ ಪುಟದವರೆಗೂ ಓದಿ. ಸಾಮಾನ್ಯವಾಗಿ ಅದು ಒಂದೇ ವರ್ಷದ್ದು. ಫ್ರಿಜ್, ಏರ್ ಕಂಡೀಷನರ್, ಆಕ್ಸಲ್, ಟೈರುಗಳಿಗೆ ಆಯಾ ತಯಾರಕರನ್ನೇ ಬೇರೆ ಬೇರೆಯಾಗಿ ಸಂಪರ್ಕಿಸಬೇಕು. ಸಂದುಗಳನ್ನು ಮುಚ್ಚುವ ಸೀಲಂಟ್ ಅನ್ನು ನಿಯತವಾಗಿ ಪರೀಕ್ಷಿಸಿ ದುರಸ್ತಿ ಮಾಡುವುದು ಮಾಲೀಕರ ಹೊಣೆಯೆಂದು ಬಹುತೇಕ ಕೈಪಿಡಿಗಳಲ್ಲಿ ಬರೆದಿರುತ್ತದೆ. ಹೀಗಾಗಿ ನೀವು ಚಾವಣಿ ನೋಡಿದ ದಿನಾಂಕ ಮತ್ತು ಚಿತ್ರಗಳು ನಿಮ್ಮ ಬಳಿ ಇಲ್ಲದಿದ್ದರೆ, ಸೋರಿಕೆ ಕಾರ್ಖಾನೆಯದೇ ಎಂದು ಸಾಧಿಸುವುದು ಕಷ್ಟ. ಹಲವು ಪತ್ರಗಳು ವ್ಯಾಜ್ಯವನ್ನು ಇಂಡಿಯಾನಾದ ನ್ಯಾಯಾಲಯಗಳಲ್ಲೇ ಹೂಡಬೇಕೆನ್ನುತ್ತವೆ. ಆ ರಾಜ್ಯದ ಲೆಮನ್ ಕಾನೂನು (ದೋಷಪೂರಿತ ವಾಹನ ಕೊಂಡವರಿಗೆ ಪರಿಹಾರ ಕೊಡಿಸುವ ಕಾನೂನು) ಮೋಟಾರ್‌ಹೋಮ್‌ಗಳನ್ನೇ ಹೊರಗಿಟ್ಟಿರುವಾಗ ಎಂಜಿನ್ ಇಲ್ಲದ ಟ್ರೈಲರ್‌ಗೆ ಅಲ್ಲೇನು ಆಸರೆ? 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಒಕ್ಕೂಟ ಮಟ್ಟದ್ದಾದ್ದರಿಂದ ವಕೀಲರು ಹೆಚ್ಚಾಗಿ ಅದನ್ನೇ ಆಶ್ರಯಿಸುತ್ತಾರೆ.

ಉತ್ತರ (ಮಿನ್ನೆಸೋಟ)

ಗುಣಮಟ್ಟ ಈಗ ಕುಸಿದಿದೆ ಎಂಬ ಮಾತಿಗೆ ಒಂದು ಆಕ್ಷೇಪಣೆ. ಹಳೆಯ ಟ್ರೈಲರ್‌ಗಳನ್ನು ಬಿಚ್ಚಿ ದುರಸ್ತಿ ಮಾಡುವ ಹವ್ಯಾಸ ನನಗಿದೆ. 1990ರ ದಶಕದ ಗಾಡಿಗಳ ಗೋಡೆಯೊಳಗೂ ಕಪ್ಪಾಗಿ ಕೊಳೆತ ಮರವನ್ನು ಸಾಕಷ್ಟು ಕಂಡಿದ್ದೇನೆ. ಕೊಳೆತು ಗುಜರಿ ಸೇರಿದವು ಕಣ್ಣಿಗೆ ಬೀಳದಿರುವುದರಿಂದ, ಉಳಿದ ಕೆಲವನ್ನು ನೋಡಿ ಹಿಂದಿನದೆಲ್ಲ ಗಟ್ಟಿ ಎನ್ನುತ್ತೇವೆ. ಬದಲಾಗಿರುವುದು ಅಪಾಯದ ಜಾಗಗಳ ಸಂಖ್ಯೆ. ಸ್ಲೈಡ್-ಔಟ್ (ಗಾಡಿ ನಿಂತಾಗ ಹೊರಕ್ಕೆ ಸರಿಸಿ ಜಾಗ ಹೆಚ್ಚಿಸುವ ಭಾಗ) ಎಂದರೆ ಗೋಡೆಯಲ್ಲಿ ಕೊರೆದ ಬಾಗಿಲಿಗಿಂತ ದೊಡ್ಡ ತೂತು. ಅದರ ಜೊತೆಗೆ ಚಾವಣಿಯ ಗಾಳಿಕಿಂಡಿಗಳು, ಸೌರಫಲಕದ ತಂತಿಗಳು, ಹೊರಗಿನ ಅಡುಗೆಕಟ್ಟೆ ಹೀಗೆ ಪ್ರತಿಯೊಂದು ಸೌಕರ್ಯವೂ ನೀರಿಗೊಂದು ದಾರಿ. ಸ್ಲೈಡ್-ಔಟ್ ಇಲ್ಲದ ಸರಳ ಗಾಡಿಯೇ ನನ್ನ ಶಿಫಾರಸು. ಅಚ್ಚಿನಲ್ಲಿ ಎರಕವಾದ ಎರಡು ಫೈಬರ್‌ಗ್ಲಾಸ್ ಚಿಪ್ಪುಗಳನ್ನು ಕೂಡಿಸಿ ಮಾಡುವ ಸ್ಕ್ಯಾಂಪ್, ಕಸಿಟಾ ಮಾದರಿಗಳಲ್ಲಿ ಚಾವಣಿಗೂ ಗೋಡೆಗೂ ನಡುವೆ ಸಂದೇ ಇರುವುದಿಲ್ಲ. ಆದರೆ ಅವು ಚಿಕ್ಕವು, ಆರು ಮಂದಿ ಅವುಗಳಲ್ಲಿ ಹಿಡಿಸುವುದಿಲ್ಲ.

ಉತ್ತರ (ನಾರ್ತ್ ಕ್ಯಾರೊಲೈನಾ)

ಕಾರಣಗಳ ಚರ್ಚೆ ಸಾಕಷ್ಟಾಗಿದೆ, ಪರೀಕ್ಷಿಸುವ ಬಗೆಯನ್ನು ನಾನು ಹೇಳುತ್ತೇನೆ. ಪೂರ್ತಿ ಹಣ ಕೊಡುವವರೆಗೆ ಮಾತ್ರ ಡೀಲರ್‌ಗೆ ನಿಮ್ಮ ಮಾತು ಕೇಳಿಸುತ್ತದೆ. ಆದ್ದರಿಂದ ಒಪ್ಪಂದದಲ್ಲೇ, ಸ್ವತಂತ್ರ ಪರೀಕ್ಷಕರು ಕಂಡುಹಿಡಿದ ದೋಷಗಳನ್ನು ಸರಿಪಡಿಸಿದ ಮೇಲೆಯೇ ಗಾಡಿಯನ್ನು ಒಪ್ಪಿಕೊಳ್ಳುವುದಾಗಿ ಬರೆಸಿಕೊಳ್ಳಿ. ಒಪ್ಪದ ಡೀಲರ್‌ನನ್ನು ಬಿಟ್ಟು ಮುಂದಿನವನ ಬಳಿಗೆ ಹೋಗಿ. ಆರ್‌ವಿ ಪರೀಕ್ಷಕರ ರಾಷ್ಟ್ರೀಯ ಸಂಘವಾದ ಎನ್‌ಆರ್‌ವಿಐಎಯ ಪ್ರಮಾಣಪತ್ರವಿರುವ ಪರೀಕ್ಷಕರು ಹೆಚ್ಚಿನ ರಾಜ್ಯಗಳಲ್ಲಿ ಸಿಗುತ್ತಾರೆ. ಶುಲ್ಕ ಭಾರವೆನ್ನಿಸಬಹುದು, ಆದರೆ ಒಂದು ಗೋಡೆಯ ದುರಸ್ತಿಗೆ ಹೋಲಿಸಿದರೆ ಅದು ಅಲ್ಪವೇ.

ನೀವೇ ಹೋಗುವುದಾದರೆ ಅಡುಗೆಕಟ್ಟೆಯ ಅಂದವನ್ನು ಬಿಟ್ಟು ಏಣಿ ಹತ್ತಿ. ಚಾವಣಿಯ ಅಂಚಿನಲ್ಲೂ ಪ್ರತಿಯೊಂದು ಕಿಂಡಿಯ ಸುತ್ತಲೂ ಸೀಲಂಟ್ ಅಖಂಡವಾಗಿದೆಯೇ ನೋಡಿ. ಒಳಗೆ ಬಂದು ನಾಲ್ಕೂ ಮೂಲೆ, ಕಿಟಕಿಯ ಕೆಳಭಾಗ ಮತ್ತು ಸ್ಲೈಡ್-ಔಟ್‌ನ ನೆಲವನ್ನು ತೇವ ಅಳೆಯುವ ಮೀಟರಿನಿಂದ ಪರೀಕ್ಷಿಸಿ. ಹಾಸಿಗೆಯ ಹಲಗೆ ಎತ್ತಿ ಕೊಳವೆಗಳ ಜೋಡಣೆಯನ್ನು ಕೈಯಿಂದ ಮುಟ್ಟಿ ನೋಡಿ. ನೀರಿನ ತೊಟ್ಟಿ ತುಂಬಿಸಿ, ಪಂಪ್ ಚಾಲೂ ಮಾಡಿ, ಎಲ್ಲ ನಲ್ಲಿಗಳನ್ನೂ ಮುಚ್ಚಿ ಸುಮ್ಮನೆ ನಿಲ್ಲಿ: ಪಂಪ್ ಆಗಾಗ ತಾನಾಗಿಯೇ ಓಡಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸಾಧ್ಯವಿದ್ದರೆ ಗಾಳಿಯ ಒತ್ತಡದ ಪರೀಕ್ಷೆ ಮಾಡಿಸಿ; ಒಳಗೆ ಗಾಳಿ ತುಂಬಿ ಹೊರಗಿನ ಸಂದುಗಳಿಗೆ ಸಾಬೂನಿನ ನೀರು ಬಳಿದರೆ, ಬಿಟ್ಟುಹೋದ ಜಾಗದಲ್ಲಿ ಗುಳ್ಳೆ ಏಳುತ್ತದೆ. ಬಳಸಿದ ಗಾಡಿಯಾದರೆ ಅದರ ಮಾದರಿಗೆ ಸಂಬಂಧಿಸಿದ ರೀಕಾಲ್‌ಗಳನ್ನು (ದೋಷ ತಿದ್ದಲು ತಯಾರಕರು ಗಾಡಿಗಳನ್ನು ವಾಪಸು ಕರೆಸುವ ಪ್ರಕಟಣೆಗಳನ್ನು) ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎಯ ತಾಣದಲ್ಲಿ ತಪ್ಪದೆ ನೋಡಿ. ಒಣಗಿದ ಗೋಡೆಗಳ, ಮೊದಲ ಮಾಲೀಕರು ದೋಷಗಳನ್ನು ತಿದ್ದಿಸಿದ ರಸೀದಿಗಳಿರುವ ಬಳಸಿದ ಗಾಡಿಯನ್ನೇ ನಾನಾದರೆ ಆರಿಸಿಕೊಳ್ಳುತ್ತೇನೆ.

ಇನ್ನು, ಆರು ಮಂದಿ ಎಂದಿದ್ದೀರಿ. ಬಹುತೇಕ ರಾಜ್ಯಗಳಲ್ಲಿ ಓಡುವ ಟ್ರಾವೆಲ್ ಟ್ರೈಲರ್‌ನೊಳಗೆ ಯಾರೂ ಕೂರುವಂತಿಲ್ಲ. ಎಲ್ಲರೂ ಎಳೆಯುವ ವಾಹನದಲ್ಲೇ ಇರಬೇಕು. 7,000 ಪೌಂಡ್ ತೂಕದ ಟ್ರೈಲರ್‌ನ ಮೂತಿ ಎಳೆಯುವ ವಾಹನದ ಮೇಲೆ ಹೇರುವ ಭಾರವೇ, ಶೇ. 10ರಿಂದ 15ರ ಲೆಕ್ಕದಲ್ಲಿ, 700ರಿಂದ 1,050 ಪೌಂಡ್ ಆಗುತ್ತದೆ. ಅದಕ್ಕೆ ಆರು ಜನರ ತೂಕ ಸೇರಿಸಿ ನಿಮ್ಮ ಪಿಕಪ್‌ನ ಬಾಗಿಲ ಚೌಕಟ್ಟಿನಲ್ಲಿರುವ ಭಾರಮಿತಿಯ ಚೀಟಿಯೊಂದಿಗೆ ಹೋಲಿಸಿ. ಎಷ್ಟು ಸಾಮಾನು ಹೇರಬಹುದೆಂದು ಹೇಳುವ ಟ್ರೈಲರ್‌ನ ಹಳದಿ ಚೀಟಿಯನ್ನೂ ಓದಿ. 40 ಗ್ಯಾಲನ್ ನೀರೇ ಸುಮಾರು 334 ಪೌಂಡ್ ತೂಗುವುದರಿಂದ, ಸಾಮಾನಿಗೆಂದು ಉಳಿಯುವ ಅವಕಾಶ ಕೆಲವು ಮಾದರಿಗಳಲ್ಲಿ ಅಚ್ಚರಿಯೆನಿಸುವಷ್ಟು ಕಡಿಮೆ. ಮಿತಿಗೆ ತಾಗಿದ ಭಾರದಲ್ಲಿ ಅಗ್ಗದ ಟೈರುಗಳು ಹೆದ್ದಾರಿಯಲ್ಲಿ ಸಿಡಿದು ಚಕ್ರದ ಮೇಲಿನ ನೆಲವನ್ನೇ ಹರಿಯುವುದುಂಟು. ಲೆಕ್ಕ ಕೂಡಿಬರದಿದ್ದರೆ ಈ ಬೇಸಿಗೆಗೆ ಮೋಟಾರ್‌ಹೋಮ್ ಒಂದನ್ನು ಬಾಡಿಗೆಗೆ ಪಡೆದು, ಖರೀದಿಯನ್ನು ಮಾರಾಟ ತಣ್ಣಗಿರುವ ಚಳಿಗಾಲಕ್ಕೆ ಇಟ್ಟುಕೊಳ್ಳಿ.