ಹೆಲ್‌ಡೈವರ್ಸ್ 2: ನಾಲ್ಕು ಜನ ಗೆಳೆಯರು ಸೇರಿ ತಗೊಳ್ಳಬಹುದಾ?

ತೊಗರಿನಾಡು_ಪ್ಲೇಯರ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಕಾಲೇಜಿನಿಂದಲೂ ಒಟ್ಟಿಗೆ ಆಡುವವರು. ಈಗ ಇಬ್ಬರು ಕಲಬುರಗಿಯಲ್ಲಿ, ಒಬ್ಬ ಬೀದರ್‌ನಲ್ಲಿ, ಒಬ್ಬ ಶಹಾಪುರದಲ್ಲಿ. ವಾರದ ದಿನ ಯಾರಿಗೂ ಪುರುಸೊತ್ತಿಲ್ಲ, ಶನಿವಾರ ರಾತ್ರಿ ಊಟ ಆದ ಮೇಲೆ ಸೇರುತ್ತೇವೆ. ಇಷ್ಟು ದಿನ ಬ್ಯಾಟಲ್ ರಾಯಲ್, ಅಂದರೆ ಕೊನೆಗೆ ಉಳಿದವರೇ ಗೆಲ್ಲುವ ಆಟ, ಆಡುತ್ತಿದ್ದೆವು, ಈಗ ಬೇಸರ ಬಂದಿದೆ. ಎದುರಿಗೆ ಬರುವ ಹುಡುಗರು ದಿನವಿಡೀ ಅದನ್ನೇ ಆಡುವವರು. ನಾವು ಇಳಿದ ಸ್ವಲ್ಪ ಹೊತ್ತಿಗೇ ಹೊರಗೆ, ಆಮೇಲೆ ಲಾಬಿಯಲ್ಲಿ ಕಾಯುವುದು.

ಹೆಲ್‌ಡೈವರ್ಸ್ 2 ಅನ್ನುವ ಶೂಟಿಂಗ್ ಆಟದಲ್ಲಿ ನಾಲ್ವರೂ ಒಂದೇ ಕಡೆ, ಎದುರಿಗೆ ಕಂಪ್ಯೂಟರ್ ಅಂತ ಕೇಳಿದೆ. ನಮಗೆ ಬೇಕಾಗಿದ್ದು ಅದೇ. ಆದರೆ ನಾಲ್ಕು ಕಾಪಿ ಅಂದರೆ ದೊಡ್ಡ ಖರ್ಚು. ನಮ್ಮ ಕಡೆಯ ನೆಟ್‌ನಲ್ಲಿ ಸರಿಯಾಗಿ ನಡೆಯುತ್ತದಾ? ತಿಂಗಳಾದ ಮೇಲೆ ಸಾಕು ಅನ್ನಿಸುತ್ತದಾ? ಆಡಿದವರು ಒಳ್ಳೆಯದು ಕೆಟ್ಟದ್ದು ಎರಡೂ ಹೇಳಿ.

ಬಿದ್ರಿ_ಬಾಟ್, ಬೀದರ್

ತಗೊಳ್ಳಿ. ನಾಲ್ಕು ಜನ ಪಕ್ಕಾ ಇದ್ದರೆ ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ.

ಇದರ ಜೀವ ಇರುವುದು ಒಂದೇ ಕಡೆ: ನಿಮ್ಮ ಗುಂಡು ಗೆಳೆಯನಿಗೂ ತಾಗುತ್ತದೆ. ಅದನ್ನು ಆಫ್ ಮಾಡಲು ಆಗುವುದಿಲ್ಲ. ಎಷ್ಟೋ ಶೂಟರ್‌ಗಳಲ್ಲಿ ಗೆಳೆಯನ ಬೆನ್ನ ಹಿಂದಿನಿಂದ ಗುಂಡು ಹಾರಿಸಿದರೂ ಅವನಿಗೆ ಏನೂ ಆಗುವುದಿಲ್ಲ, ಹಾಗಾಗಿ ಅವನು ಎಲ್ಲಿದ್ದಾನೆ ಅಂತ ನೋಡುವ ಅಭ್ಯಾಸವೇ ಬೆಳೆಯುವುದಿಲ್ಲ. ಇಲ್ಲಿ 500 ಕೆಜಿ ಬಾಂಬ್ ಕರೆಯುವ ಮೊದಲು "ಎಲ್ಲರೂ ಹಿಂದೆ ಬರ್ರಿ" ಅಂತ ಕೂಗಲೇಬೇಕು. ಕೂಗದಿದ್ದರೆ ಶತ್ರುವಿನ ಜೊತೆ ಅವನೂ ಹೋಗುತ್ತಾನೆ, ಆಮೇಲೆ ಅವನನ್ನು ನೀವೇ ಮತ್ತೆ ಕರೆಸಬೇಕು.

ಕರೆಸುವ ರೀತಿಯೂ ಚೆನ್ನಾಗಿದೆ. ಬಾಂಬ್, ಮದ್ದುಗುಂಡು, ಸತ್ತ ಗೆಳೆಯ, ಏನೇ ಬೇಕಿದ್ದರೂ ದಿಕ್ಕಿನ ಕೀಲಿಗಳನ್ನು ಒಂದು ಕ್ರಮದಲ್ಲಿ ಒತ್ತಬೇಕು. ಇದಕ್ಕೆ ಸ್ಟ್ರಾಟಜೆಮ್ ಅನ್ನುತ್ತಾರೆ. ಮದ್ದುಗುಂಡಿಗೆ ಕೆಳಗೆ, ಕೆಳಗೆ, ಮೇಲೆ, ಬಲಕ್ಕೆ. ಸುಮ್ನೆ ಕೂತಾಗ ಸುಲಭ. ಚಾರ್ಜರ್ ಅನ್ನುವ ದೈತ್ಯ ಹುಳು ಮೈಮೇಲೆ ನುಗ್ಗಿ ಬರುತ್ತಿರುವಾಗ ಒತ್ತಿ ನೋಡಿ, ಆಗ ಗೊತ್ತಾಗುತ್ತದೆ.

ಬಂದ ಪೆಟ್ಟಿಗೆಯಲ್ಲಿ ನಾಲ್ಕು ಪ್ಯಾಕ್ ಇರುತ್ತವೆ, ತಲೆಗೊಂದು. ಯಾರಾದರೂ ಎರಡು ಎತ್ತಿಕೊಂಡರೆ ಇನ್ನೊಬ್ಬನಿಗೆ ಖಾಲಿ. ರಿಕಾಯಿಲ್‌ಲೆಸ್ ರೈಫಲ್ ಅನ್ನುವ ಹೆಗಲ ಮೇಲಿನ ದೊಡ್ಡ ಗನ್ ಒಬ್ಬನೇ ಲೋಡ್ ಮಾಡಿದರೆ ನಿಂತಲ್ಲೇ ನಿಂತು ತುಂಬ ಹೊತ್ತು ಬೇಕು. ಅದರ ಬ್ಯಾಗ್ ಗೆಳೆಯ ಹೊತ್ತು ಪಕ್ಕದಲ್ಲಿ ನಿಂತು ತುಂಬಿಸಿದರೆ ಒಂದರ ಹಿಂದೆ ಒಂದು ಹೊಡೆಯಬಹುದು. ಅಪರಿಚಿತರ ಜೊತೆ ಇದು ಆಗುವುದು ಕಷ್ಟ. ಹಳೇ ಗೆಳೆಯರಿಗೆ ಹೇಳಿಕೊಡುವುದೇ ಬೇಡ.

ಇನ್ನೊಂದು, ಇದರಲ್ಲಿ ಇಡೀ ಜಗತ್ತಿನ ಆಟಗಾರರು ಸೇರಿ ನಡೆಸುವುದು ಒಂದೇ ಯುದ್ಧ. ನೀವು ಗೆದ್ದ ಮಿಷನ್ ಅದು ನಡೆದ ಗ್ರಹದ ಲೆಕ್ಕಕ್ಕೆ ಸೇರುತ್ತದೆ. 2025ರ ಮೇ ತಿಂಗಳಲ್ಲಿ ಇಲ್ಯೂಮಿನೇಟ್ ಅನ್ನುವ ಅನ್ಯಗ್ರಹದ ಪಡೆ ಆಟದಲ್ಲಿನ ನಮ್ಮ ಭೂಮಿ, ಸೂಪರ್ ಅರ್ಥ್ ಮೇಲೆಯೇ ದಾಳಿ ಮಾಡಿತು. ನಗರಗಳು ಒಂದೊಂದಾಗಿ ಬಿದ್ದವು. ಶಾಂಘೈ ಇರುವ ಜಾಗದಲ್ಲಿ ಈಕ್ವಾಲಿಟಿ ಆನ್ ಸೀ ಅಂತ ಒಂದು ನಗರ ಇದೆ, ಅದನ್ನು ಚೀನಾದ ಆಟಗಾರರು ಪಟ್ಟು ಹಿಡಿದು ಕೊನೆಯವರೆಗೂ ಉಳಿಸಿಕೊಂಡರು. ಇಂಥದ್ದು ಬೇರೆ ಆಟದಲ್ಲಿ ಸಿಗುವುದು ಅಪರೂಪ ಅಲ್ವಾ?

ಭೀಮಾ_ದಂಡೆ, ಕಲಬುರಗಿ

ಬಿದ್ರಿ ಹೇಳಿದ್ದು ನಿಜ, ಆದರೆ ಅರ್ಧ. ಇನ್ನರ್ಧ ನಾನು ಹೇಳುತ್ತೇನೆ, ಯಾಕೆಂದರೆ ಈ ಆಟ ನನಗೂ ಇಷ್ಟ, ಇಷ್ಟ ಇರುವುದಕ್ಕೇ ಸಿಟ್ಟು ಬರುತ್ತದೆ.

ಮಿಷನ್‌ಗಳು ಒಂದೇ ಥರ. ಇಳಿ, ಕೆಲಸ ಮುಗಿಸು, ಹಡಗು ಬರುವವರೆಗೆ ತಡೆದುಕೊ, ಹತ್ತು. ಹುಳುಗಳಾದ ಟರ್ಮಿನಿಡ್‌ಗಳು ಮೈಮೇಲೆ ಬೀಳುತ್ತವೆ, ಹಾಗಾಗಿ ನಿಲ್ಲದೆ ಓಡುತ್ತಿರಬೇಕು. ಯಂತ್ರಗಳಾದ ಆಟೊಮೇಟನ್‌ಗಳು ದೂರದಿಂದ ಹೊಡೆಯುತ್ತವೆ, ಹಾಗಾಗಿ ಬಂಡೆ ಗೋಡೆ ಹುಡುಕಬೇಕು. ಈ ವ್ಯತ್ಯಾಸ ಚೆನ್ನಾಗಿದೆ. ಆದರೂ ಮಿಷನ್‌ನ ಚೌಕಟ್ಟು ಬದಲಾಗುವುದಿಲ್ಲ. ಕತೆ ಬೇಕು, ಪಾತ್ರ ಬೇಕು ಅನ್ನುವವರಿಗೆ ಇಲ್ಲಿ ಏನೂ ಇಲ್ಲ.

ಎರಡನೆಯದು ಬ್ಯಾಲೆನ್ಸ್, ಅಂದರೆ ಆಯುಧಗಳ ಬಲ ಸರಿದೂಗಿಸುವುದು. ಜನ ಇಷ್ಟಪಟ್ಟ ಗನ್ ಯಾವುದೋ ಅದನ್ನು ಮುಂದಿನ ಅಪ್‌ಡೇಟ್‌ನಲ್ಲಿ ದುರ್ಬಲ ಮಾಡುವುದು. 2024ರ ಆಗಸ್ಟ್‌ನಲ್ಲಿ ಬೆಂಕಿ ಉಗುಳುವ ಆಯುಧಗಳಿಗೆ ಹಾಗೆ ಮಾಡಿದಾಗ ಗಲಾಟೆ ಎಷ್ಟು ಜೋರಾಯಿತೆಂದರೆ, ಆಟ ಮಾಡಿದ ಆರೋಹೆಡ್ ಸ್ಟುಡಿಯೋ 60 ದಿನಗಳಲ್ಲಿ ಸರಿ ಮಾಡುತ್ತೇವೆ ಅಂತ ಮಾತು ಕೊಟ್ಟಿತು, ಸೆಪ್ಟೆಂಬರ್‌ನಲ್ಲಿ ಬಹಳಷ್ಟು ಆಯುಧಗಳಿಗೆ ಬಲ ಹೆಚ್ಚಿಸಿತು. ಎದುರಿಗಿರುವುದು ಕಂಪ್ಯೂಟರ್, ಯಾರಿಗೂ ಅನ್ಯಾಯ ಆಗುವುದಿಲ್ಲ, ಹಾಗಿರುವಾಗ ನನ್ನ ಗನ್‌ಗೆ ಯಾಕೆ ಕೈ ಹಾಕಬೇಕು? ಇದಕ್ಕೆ ಒಪ್ಪುವಂಥ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.

ಆಟ ಬಂದಿದ್ದು 2024ರ ಫೆಬ್ರವರಿ 8ಕ್ಕೆ. ಜನ ಮುಗಿಬಿದ್ದು ಸರ್ವರ್ ತುಂಬಿ, ದುಡ್ಡು ಕೊಟ್ಟವರೇ ಬಾಗಿಲಲ್ಲಿ ಕಾಯಬೇಕಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಪಿಸಿ ಆಟಗಾರರೂ ಪ್ಲೇಸ್ಟೇಷನ್ ಖಾತೆ ಮಾಡಲೇಬೇಕು ಅಂತ ಆಟ ಹೊರತಂದ ಸೋನಿ ಹೇಳಿತು. ಆ ಖಾತೆ ಸಿಗದ ದೇಶಗಳು ನೂರಕ್ಕೂ ಜಾಸ್ತಿ. ಸ್ಟೀಮ್‌ನಲ್ಲಿ (ಪಿಸಿ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ) 2 ಲಕ್ಷಕ್ಕೂ ಹೆಚ್ಚು ಕೆಟ್ಟ ವಿಮರ್ಶೆ ಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಇವೆಲ್ಲ ಈಗ ಹಳೇ ವಿಷಯ, ನಿಜ. ಆದರೆ ಒಂದು ತೊಂದರೆ ಇನ್ನೂ ಹಾಗೇ ಇದೆ: ನೆಟ್ ಇಲ್ಲದೆ ಈ ಆಟ ಒಬ್ಬರೇ ಆಡಲು ಕೂಡ ಆಗುವುದಿಲ್ಲ.

ಸುರಪುರ_ಸ್ಕೌಟ್, ಯಾದಗಿರಿ ಜಿಲ್ಲೆ

ನೆಟ್ ವಿಷಯ ನಾನು ಹೇಳುತ್ತೇನೆ, ನಮ್ಮ ಗುಂಪೂ ಹೀಗೇ ಮೂರು ಜಿಲ್ಲೆಗಳಲ್ಲಿ ಹರಡಿದೆ.

ಖಾತೆ, ಯುದ್ಧದ ನಕ್ಷೆ ಇವೆಲ್ಲ ಕಂಪನಿಯ ಸರ್ವರ್‌ನಲ್ಲಿ ಇರುತ್ತವೆ. ಆದರೆ ಮಿಷನ್ ಒಳಗೆ ಆಟ ನಡೆಯುವುದು ಆಟಗಾರರ ಸಿಸ್ಟಮ್‌ಗಳ ನಡುವೆ ನೇರವಾಗಿ. ಬ್ಯಾಟಲ್ ರಾಯಲ್ ಥರ ಸಿಂಗಾಪುರದ ಸರ್ವರ್‌ಗೆ ಹೋಗಿ ಬರುವ ತಾಪತ್ರಯ ಇಲ್ಲ. ಕಲಬುರಗಿ, ಬೀದರ್, ಶಹಾಪುರ ಅಂದರೆ ನಿಮಗೆ ಇದರಿಂದ ಲಾಭವೇ. ಜೊತೆಗೆ ಎದುರಾಳಿ ಮನುಷ್ಯ ಅಲ್ಲ, ನೆಟ್ ನಿಧಾನವಾಗಿ ಸ್ವಲ್ಪ ತಡ (ಲ್ಯಾಗ್) ಆದರೂ ಯಾರೋ ನಿಮ್ಮನ್ನು ಮೂಲೆಯಿಂದ ಹೊಡೆದು ಹೋಗುವುದಿಲ್ಲ. ಕರೆಂಟ್ ಹೋಗಿ ಒಬ್ಬ ಬಿದ್ದುಹೋದರೆ, ಮಿಷನ್ ನಡೆಯುತ್ತಿದ್ದರೆ ಮತ್ತೆ ಬಂದು ಸೇರಿಕೊಳ್ಳಬಹುದು. ರೂಟರ್‌ಗೆ ಮಾತ್ರ ಒಂದು ಸಣ್ಣ ಯುಪಿಎಸ್ ಹಾಕಿಸಿ, ಇನ್ವರ್ಟರ್ ಬದಲಾಗುವ ಆ ಕ್ಷಣದಲ್ಲೇ ರೂಟರ್ ಆಫ್ ಆಗಿಬಿಟ್ಟರೆ ಎಲ್ಲ ಹೋಯಿತು.

ಡೌನ್‌ಲೋಡ್ ಮೊದಲು ದೊಡ್ಡ ತಲೆನೋವಾಗಿತ್ತು. ಪಿಸಿಯಲ್ಲಿ 150 ಜಿಬಿ ದಾಟಿತ್ತು. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಬೇಗ ಲೋಡ್ ಆಗಲಿ ಅಂತ ಒಂದೇ ಫೈಲನ್ನು ಹಲವು ಕಡೆ ನಕಲು ಮಾಡಿ ಇಟ್ಟಿದ್ದರು. 2025ರ ಡಿಸೆಂಬರ್‌ನಲ್ಲಿ ಆ ನಕಲೆಲ್ಲ ತೆಗೆದು ಸುಮಾರು 23 ಜಿಬಿಯ ಸ್ಲಿಮ್ ಆವೃತ್ತಿ ತಂದರು. ಹಾರ್ಡ್ ಡಿಸ್ಕ್‌ನವರಿಗೂ ಲೋಡ್ ಸಮಯ ಕೆಲವು ಸೆಕೆಂಡ್ ಮಾತ್ರ ಜಾಸ್ತಿ ಅಂತೆ. ಮೊಬೈಲ್ ಡೇಟಾದಲ್ಲಿ ಆಡುವ ನಮ್ಮ ಹಳ್ಳಿ ಕಡೆಯ ಹುಡುಗರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ.

ತೊಗರಿನಾಡು_ಪ್ಲೇಯರ್

ತುಂಬ ಉಪಯೋಗ ಆಯಿತು. ಇನ್ನೆರಡು ಕೇಳುತ್ತೇನೆ. ಶಹಾಪುರದ ಗೆಳೆಯನ ಹತ್ತಿರ ಇನ್ನೂ ಜಿಟಿಎಕ್ಸ್ 1050 ಟಿಐ ಅನ್ನುವ ಹಳೇ ಗ್ರಾಫಿಕ್ಸ್ ಕಾರ್ಡ್ ಇದೆ, ನಡೆಯುತ್ತದಾ? ಮತ್ತೆ, ಆಟ ಕೊಂಡ ಮೇಲೂ ಗನ್‌ಗಾಗಿ ದುಡ್ಡು ಹಾಕುತ್ತಲೇ ಇರಬೇಕಾ?

ಸುರಪುರ_ಸ್ಕೌಟ್

ಕಂಪನಿ ಹೇಳುವ ಕನಿಷ್ಠ ಕಾರ್ಡ್ ಅದೇ, ಜೊತೆಗೆ 8 ಜಿಬಿ ರ‍್ಯಾಮ್. ಓಡುತ್ತದೆ, ಆದರೆ ಎಲ್ಲ ಸೆಟ್ಟಿಂಗ್ ಕೆಳಗಿಡಬೇಕು. ನಿಜವಾಗಿ ಹೊರೆ ಬೀಳುವುದು ಪ್ರೊಸೆಸರ್ ಮೇಲೆ. ಇದರ ಇಂಜಿನ್, ಅಂದರೆ ಆಟವನ್ನು ನಡೆಸುವ ಮೂಲ ಸಾಫ್ಟ್‌ವೇರ್, ಆಟೊಡೆಸ್ಕ್ ಕಂಪನಿಯ ಸ್ಟಿಂಗ್ರೇ, ಅದನ್ನು ಆ ಕಂಪನಿಯೇ 2018ರಲ್ಲಿ ನಿಲ್ಲಿಸಿಬಿಟ್ಟಿದೆ. ಶತ್ರುಗಳು ಜಾಸ್ತಿಯಾದಷ್ಟೂ ಪ್ರೊಸೆಸರ್ ಏದುಸಿರು ಬಿಡುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಶಹಾಬಾದ್ ಕಲ್ಲಿನ ಮಾಳಿಗೆಯ ಮನೆಗಳಲ್ಲಿ ರಾತ್ರಿ ಹನ್ನೊಂದಾದರೂ ಧಗೆ ಇಳಿಯುವುದಿಲ್ಲ, ಲ್ಯಾಪ್‌ಟಾಪ್ ಇದ್ದವರು ಸೆಕೆಂಡಿಗೆ ಇಷ್ಟೇ ಚಿತ್ರ ತೋರಿಸು ಅಂತ ಫ್ರೇಮ್ ಮಿತಿ ಹಾಕಿಕೊಂಡೇ ಆಡಿ.

ಬಿದ್ರಿ_ಬಾಟ್

ದುಡ್ಡಿನ ವಿಷಯದಲ್ಲಿ ಈ ಆಟಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹೊಸ ಆಯುಧಗಳು ವಾರ್‌ಬಾಂಡ್‌ನಲ್ಲಿ (ಆಯುಧ, ಉಡುಪುಗಳ ಕಟ್ಟು) ಬರುತ್ತವೆ, ಸಾಮಾನ್ಯವಾಗಿ ಒಂದಕ್ಕೆ 1000 ಸೂಪರ್ ಕ್ರೆಡಿಟ್, ಅಂದರೆ ಆಟದೊಳಗಿನ ದುಡ್ಡು. ಆ ಕ್ರೆಡಿಟ್ ಮಿಷನ್ ನಡುವೆ ಹುಡುಕಿದರೆ ಬಿದ್ದಿರುತ್ತದೆ, ಸಿಕ್ಕಿದ್ದು ನಾಲ್ವರಿಗೂ ಸೇರುತ್ತದೆ. ವಾರ್‌ಬಾಂಡ್‌ಗೆ ಗಡುವಿಲ್ಲ. ಸೀಸನ್ ಮುಗಿಯುತ್ತಿದೆ, ಬೇಗ ಆಡು ಅಂತ ಕತ್ತಿನ ಮೇಲೆ ಕೂರುವುದಿಲ್ಲ. ಶನಿವಾರ ಮಾತ್ರ ಆಡುವ ನಿಮ್ಮಂಥವರಿಗೆ ಇದೇ ಬೇಕಾಗಿದ್ದು.

ಭೀಮಾ_ದಂಡೆ

ಅದನ್ನು ನಾನೂ ಒಪ್ಪುತ್ತೇನೆ. ಒಂದು ಸಲಹೆ: ನಾಲ್ಕೂ ಕಾಪಿ ಒಂದೇ ಸಲ ಕೊಳ್ಳಬೇಡಿ. ಮೊದಲು 1050 ಟಿಐ ಇರುವ ಗೆಳೆಯ ಮತ್ತು ನೀವು ಸ್ಟೀಮ್‌ನಲ್ಲಿ ತಗೊಳ್ಳಿ. ಕೊಂಡು 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಟ್ಯುಟೋರಿಯಲ್ ಸಮಯವೂ ಆ ಲೆಕ್ಕಕ್ಕೇ ಸೇರುತ್ತದೆ, ಹಾಗಾಗಿ ಬೇಗ ಮುಗಿಸಿ ನೇರ ಮಿಷನ್‌ಗೆ ಹೋಗಿ. ಕಷ್ಟದ ಮಟ್ಟ ಒಟ್ಟು 10 ಇವೆ, ಕೆಳಗಿನದನ್ನು ಮುಗಿಸಿದರೆ ಮೇಲಿನದು ತೆರೆಯುತ್ತದೆ, ಬೇಗ ಮೂರು ನಾಲ್ಕಕ್ಕೆ ಏರಿ. ಒಂದರಲ್ಲಿ ಆಡಿದರೆ ಶತ್ರುಗಳೇ ಕಾಣುವುದಿಲ್ಲ, ಸಿಸ್ಟಮ್ ತಡೆಯುತ್ತದಾ ಇಲ್ಲವಾ ಅನ್ನುವುದೂ ತಿಳಿಯುವುದಿಲ್ಲ. ಶನಿವಾರ ಯಾರಾದರೂ ಬರದಿದ್ದರೆ ನನಗೆ ಮೆಸೇಜ್ ಹಾಕಿ, ಹತ್ತರ ನಂತರ ನಾನು ಬರುತ್ತೇನೆ.