ಸಹಾಯ ಬೇಕು: 50 ತುಂಬುವ ಹೊತ್ತಿಗೆ ಅಂಜನಾದ್ರಿ ಹತ್ತಬೇಕು

ಅಕ್ಕಂದಿರೇ, ತಂಗಿಯರೇ, ನಮಸ್ಕಾರ. ನಾನು ಗಂಗಾವತಿಯವಳು. ಬರುವ ತಿಂಗಳು 50 ತುಂಬುತ್ತದೆ. ಮಗಳು ಕೇಕ್ ತರಿಸುತ್ತೇನೆ ಅಂದಳು. ಕೇಕ್ ಇರಲಿ, ನನಗೆ ನಮ್ಮೂರ ಹತ್ತಿರದ ಹನುಮಪ್ಪನ ಬೆಟ್ಟ, ಅಂಜನಾದ್ರಿ ಹತ್ತಬೇಕು ಅಂದೆ. 575 ಮೆಟ್ಟಿಲು! ಇಷ್ಟು ವರ್ಷ ಬಂದ ನೆಂಟರನ್ನೆಲ್ಲ ಮೇಲೆ ಕಳಿಸಿ, ಕೆಳಗೆ ಚಪ್ಪಲಿ ಕಾಯುತ್ತಾ ಕೂತವಳು ನಾನು.

ಮುಟ್ಟು ನಿಂತು ಒಂದೂವರೆ ವರ್ಷ ಆಯಿತು. ರಾತ್ರಿ ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಕುತ್ತಿಗೆ ಹಿಂದೆ ಬೆವರಿಳಿದು ದಿಂಬು ಒದ್ದೆ. ನಮ್ಮ ಕಡೆ ಬಿಸಿಲೇ ಸಾಕಿತ್ತು, ಈಗ ಒಳಗೂ ಒಂದು ಬಿಸಿಲು. 12 ತಿಂಗಳು ಮುಟ್ಟಾಗದಿದ್ದರೆ ಅದು ಋತುಬಂಧ, ಈಸ್ಟ್ರೋಜನ್ ಕಡಿಮೆಯಾಗಿ ಮೂಳೆ ಬೇಗ ಸವೆಯುತ್ತದೆ, ಸುಮ್ನೆ ಕೂರಬೇಡಿ, ನಡೆಯಿರಿ, ಮೆಟ್ಟಿಲು ಹತ್ತಿ ಅಂದರು ಡಾಕ್ಟರು. ನಮ್ಮ ವೈನಿ ಮಾತ್ರ "ಈ ವಯಸ್ಸಿಗೆ ಯಾಕೆ ಬೇಕವ್ವ" ಅಂತಾರೆ. ಈ ವಯಸ್ಸಿಗೇ ಬೇಕು, ಅಲ್ವಾ?

ಮನೆ ಮಾಳಿಗೆಗೆ 18 ಮೆಟ್ಟಿಲು. ದಿನಾ ಹತ್ತು ಸಲ ಹತ್ತಿ ಇಳಿಯುತ್ತೇನೆ. ಇಳಿಯುವಾಗ ಎಡ ಮೊಣಕಾಲು ಕಟಕ್ ಅನ್ನುತ್ತದೆ, ನೋವೇನೂ ಇಲ್ಲ. ಇದನ್ನು ಹೇಗೆ ಜಾಸ್ತಿ ಮಾಡುತ್ತಾ ಹೋಗಲಿ? ಸೀರೆಯಲ್ಲೇ ಹತ್ತಿದವರು ಇದ್ದೀರಾ, ಚೂಡಿದಾರೇ ವಾಸಿಯಾ?

ಇನ್ನೊಂದು. ಶನಿವಾರ ಗದ್ದಲ ಜಾಸ್ತಿ. ವಾರದ ನಡುವೆ, ನಸುಕಿನಲ್ಲಿ, ನನ್ನ ಜೊತೆ ಹತ್ತಲು ಎರಡು ಮೂರು ಹೆಂಗಸರು ಬೇಕು. ಓಡಿಸುವವರು ಬೇಡ, ನಡುನಡುವೆ ಕೂತು ಹರಟುವವರು ಬನ್ನಿ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ನನ್ನದು. ಮಂಗಗಳಿಂದ ಅದನ್ನು ಉಳಿಸುವ ಉಪಾಯ ಗೊತ್ತಿದ್ದರೆ ಅದನ್ನೂ ಹೇಳಿ.