ಗಂಡ ಕ್ಯಾಲಿಫೋರ್ನಿಯಾ, ಹೆಂಡ್ತಿ ಟೆಕ್ಸಾಸ್: ಸ್ಟೇಟ್ ಟ್ಯಾಕ್ಸ್ ಹೇಗೆ ಹಾಕೋದು?

ಪ್ರಶ್ನೆ: ನಮಸ್ಕಾರ ಮೇಡಂ, ನಾನು ಕೆಲಸಕ್ಕೆ ಅಂತ ಸನ್ನಿವೇಲ್‌ನಲ್ಲಿ ಬಾಡಿಗೆ ಮನೇಲಿದೀನಿ, ಹೋದ್ವರ್ಷ ಪೂರ್ತಿ ಇಲ್ಲೇ ಇದ್ದೆ, ಹೆಂಡ್ತಿ ಮಗಳು ಪ್ಲೇನೋದಲ್ಲಿ ಸ್ವಂತ ಮನೇಲಿ, ಅವಳ ಕೆಲಸಾನೂ ಅಲ್ಲೇ. ಇಬ್ರಿಗೂ ಗ್ರೀನ್ ಕಾರ್ಡ್ ಇದೆ. ನನ್ನ ಸಂಬಳ 1 ಲಕ್ಷ 60 ಸಾವಿರ ಡಾಲರ್, ಅವಳದು 1 ಲಕ್ಷ 20 ಸಾವಿರ. ಫೆಡರಲ್ ರಿಟರ್ನ್ ಜಾಯಿಂಟ್ (ಇಬ್ರದೂ ಒಟ್ಟಿಗೆ) ಹಾಕಿ ಕ್ಯಾಲಿಫೋರ್ನಿಯಾಗೆ ನನ್ನದೊಂದೇ ಸೆಪರೇಟ್ ಹಾಕು, ಅವಳ ಸಂಬಳ ಇಲ್ಲಿಗೆ ಬರಲ್ಲ ಅಂತಾರೆ ಫ್ರೆಂಡ್ಸು. ಸರೀನಾ?

ಉತ್ತರ: ಇಲ್ಲ ಸರ್, ನಿಮ್ಮ ಕೇಸಲ್ಲಿ ಆಗಲ್ಲ. ಕ್ಯಾಲಿಫೋರ್ನಿಯಾದ ಆದಾಯ ತೆರಿಗೆ ಇಲಾಖೆ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ಪ್ರಕಾರ ಫೆಡರಲ್‌ಗೆ ಜಾಯಿಂಟ್ ಹಾಕಿದ್ರೆ ಇಲ್ಲೂ ಜಾಯಿಂಟೇ. ನಿಮ್ಮ ಫ್ರೆಂಡ್ಸ್ ಹೇಳೋ ವಿನಾಯಿತಿ ಇದೆ, ಆದ್ರೆ ಹೆಂಡ್ತಿ ವರ್ಷಪೂರ್ತಿ ಹೊರಗಿದ್ರೆ ಸಾಲದು, ಅವರಿಗೆ ಕ್ಯಾಲಿಫೋರ್ನಿಯಾ ಮೂಲದ ಆದಾಯ ಒಂದು ಡಾಲರೂ ಇರಬಾರದು. ಎಡವೋದು ಇಲ್ಲೇ. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಎರಡೂ ಕಮ್ಯುನಿಟಿ ಪ್ರಾಪರ್ಟಿ ಸ್ಟೇಟ್, ದುಡಿದಿದ್ದು ಯಾರೇ ಆಗ್ಲಿ ಸಂಬಳ ಇಬ್ರಿಗೂ ಅರ್ಧರ್ಧ. ನಿಮ್ಮ ಡೊಮಿಸೈಲ್, ಅಂದ್ರೆ ಕಾಯಂ ಮನೆ, ಎರಡರಲ್ಲಿ ಯಾವುದು ಅಂದ್ರೂ ಲೆಕ್ಕ ಬದಲಾಗಲ್ಲ. ನಿಮ್ಮ ಸಂಬಳದ 80 ಸಾವಿರ ಹೆಂಡ್ತಿದು, ದುಡಿದ ಜಾಗ ಸನ್ನಿವೇಲ್, ವಿನಾಯಿತಿ ಅಲ್ಲಿಗೇ ಹೋಯ್ತು.

ಇನ್ನೊಂದು ಕಡೆಯಿಂದ ಅವರ ಸಂಬಳದ 60 ಸಾವಿರ ನಿಮ್ದು, ನೀವು ಇಲ್ಲಿನ ರೆಸಿಡೆಂಟ್, ಅದಕ್ಕೂ ಇಲ್ಲಿ ಟ್ಯಾಕ್ಸ್. ಹಾಗಾಗಿ ಜಾಯಿಂಟ್ 540ಎನ್‌ಆರ್ (ನಾನ್‌ರೆಸಿಡೆಂಟ್ ಇದ್ರೆ ಹಾಕೋ ಕ್ಯಾಲಿಫೋರ್ನಿಯಾ ರಿಟರ್ನ್) ಹಾಕಿ, ಅದರ ಜೊತೆಗಿನ ಷೆಡ್ಯೂಲ್ ಸಿಎಯ ಇ ಕಾಲಂನಲ್ಲಿ ಸಂಬಳದ ಸಾಲಿಗೆ 2 ಲಕ್ಷ 20 ಸಾವಿರ ಬರಬೇಕು. ಅವರ ಡಬ್ಲ್ಯು-2ನಲ್ಲಿ (ಕಂಪನಿ ಕೊಡೋ ವರ್ಷದ ಸಂಬಳದ ಫಾರ್ಮ್) ಸ್ಟೇಟ್ ಬಾಕ್ಸ್ ಖಾಲಿ ಇದೆ ಅಂತ ಅವರ ಪಾಲು ಸೊನ್ನೆ ಅಂದ್ಕೋಬೇಡಿ, ಸಾಫ್ಟ್‌ವೇರ್ ಏನು ತುಂಬಿದೆ ಅಂತ ನೀವೇ ಕಣ್ಣಿಟ್ಟು ನೋಡಿ. ಸಂಬಳ ಅವರವರದ್ದೇ ಅಂತ ನೀವಿಬ್ರೂ ಲಿಖಿತ ಒಪ್ಪಂದ ಮಾಡ್ಕೊಂಡಿದ್ರೆ ಮಾತ್ರ ಬೇರೆ ಲೆಕ್ಕ.

ಪ್ರಶ್ನೆ: ಮೇಡಂ ಫೆಡರಲ್ಲೂ ಸೆಪರೇಟ್ ಹಾಕಿಬಿಟ್ರೆ?

ಉತ್ತರ: ಹಾಕಬಹುದು ಸರ್, ಆದ್ರೆ ಅಲ್ಲೂ ಸಾಮಾನ್ಯವಾಗಿ ಫಾರ್ಮ್ 8958 ತುಂಬಿ ಅರ್ಧರ್ಧ ಹಂಚಬೇಕು, ಮಗು ಡೇಕೇರ್ ಕ್ರೆಡಿಟ್ ಸಾಮಾನ್ಯವಾಗಿ ಸಿಗಲ್ಲ. ಎರಡೂ ಥರ ಲೆಕ್ಕ ಹಾಕಿ ನೋಡದೆ ದಯವಿಟ್ಟು ಆ ಕಡೆ ಹೋಗ್ಬೇಡಿ.

ಇನ್ನೊಬ್ಬರ ಪ್ರಶ್ನೆ: ನಾನು ನ್ಯೂಜೆರ್ಸಿ, ನಮ್ಮ ಯಜಮಾನ್ರು ಸ್ಯಾನ್ ಹೋಸೆಲೇ ಕಾಯಂ ಆಗಿದಾರೆ. ನನ್ನ ಸಂಬಳದ ಅರ್ಧಾನೂ ಹೋಗುತ್ತಾ?

ಉತ್ತರ: ಇಲ್ಲಮ್ಮಾ, ನ್ಯೂಜೆರ್ಸಿಲಿ ಕಮ್ಯುನಿಟಿ ಪ್ರಾಪರ್ಟಿ ಇಲ್ಲ, ನಿಮ್ಮ ಸಂಬಳ ಪೂರ್ತಿ ನಿಮ್ದೇ. ಆದ್ರೆ ಅವರ ಸಂಬಳದಲ್ಲಿ ಅರ್ಧ ನಿಮ್ದು, ಅದಕ್ಕೆ ನಿಮಗೂ ಆ ವಿನಾಯಿತಿ ಇಲ್ಲ. ಫೆಡರಲ್ ಜಾಯಿಂಟ್ ಆದ್ರೆ 540ಎನ್‌ಆರ್ ಕೂಡ ಜಾಯಿಂಟೇ, ಟ್ಯಾಕ್ಸ್ ಬೀಳೋದು ಅವರ ಸಂಬಳಕ್ಕೆ, ರೇಟ್ ಮಾತ್ರ ಇಬ್ರ ಒಟ್ಟು ಆದಾಯ ನೋಡಿ ಹಾಕ್ತಾರೆ.